ಚೀಟಿ ಎತ್ತಿದ ಸಭೆ, ಪ್ರಶ್ನೆ ಬರೆದ ಕೈ: ಐರ್ಲೆಂಡ್‌ನ ಒಂದು ಪ್ರಕರಣ

2016ರ ಅಕ್ಟೋಬರ್ 15ರ ಶನಿವಾರ ಡಬ್ಲಿನ್ ಕ್ಯಾಸಲ್‌ನಲ್ಲಿ 99 ಜನ ಒಟ್ಟಿಗೆ ಕೂತರು. ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಚುನಾವಣೆ ಗೆದ್ದು ಬಂದವರೂ ಅಲ್ಲ, ಯಾವ ಪಕ್ಷವೂ ಕಳಿಸಿದವರಲ್ಲ. ಸಮೀಕ್ಷೆ ನಡೆಸುವ ಕಂಪನಿಯೊಂದು ದೇಶದ ಬೇರೆ ಬೇರೆ ಕಡೆ ಮನೆ ಬಾಗಿಲು ತಟ್ಟಿ ಅವರನ್ನು ಹುಡುಕಿತ್ತು. ರಾಜಕಾರಣಿಗಳು ಮೂವತ್ತು ವರ್ಷದಿಂದ ಮುಟ್ಟಲು ಹೆದರುತ್ತಿದ್ದ ಗರ್ಭಪಾತದ ಪ್ರಶ್ನೆಗೆ ಒಂದು ದಾರಿ ಹೇಳುವುದೇ ಅವರ ಮುಂದಿದ್ದ ಮೊದಲ ಕೆಲಸ.

ಗ್ರೀಸ್, ರೋಮ್‌ನಿಂದ ಇವತ್ತಿನ ಸರ್ಕಾರಗಳಿಗೆ ಏನೇನು ಬಂತು ಅಂತ ಶಾಲೆಯಲ್ಲಿ ಪಟ್ಟಿ ಮಾಡಿಸುತ್ತಾರೆ. ಪಟ್ಟಿ ಬಾಯಿಪಾಠ ಆಗುತ್ತದೆ, ಅದರಲ್ಲಿರುವುದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೇ ಈ ಒಂದು ಪ್ರಕರಣವನ್ನು ಹಿಡಿದಿದ್ದೇನೆ. ಅಥೆನ್ಸ್‌ನ ಒಂದು ಪದ್ಧತಿ, ರೋಮ್‌ನ ಇನ್ನೊಂದು ಪದ್ಧತಿ, ಎರಡೂ ಒಂದೇ ಕಡೆ ಜೋಡಿಯಾಗಿ ಕೆಲಸ ಮಾಡಿದ್ದನ್ನು ಇಲ್ಲಿ ನೋಡಬಹುದು. ದೇಶದ ಹೆಸರನ್ನು ಮುಚ್ಚಿಡಲು ಬರುವುದಿಲ್ಲ. ಆದರೆ ಸಭೆಯ ಸದಸ್ಯರು, ಅಲ್ಲಿ ತಮ್ಮ ಕಥೆ ಹೇಳಿಕೊಂಡ ಹೆಂಗಸರು, ಆ ಸಮೀಕ್ಷೆ ಕಂಪನಿ, ಆಸ್ಪತ್ರೆ, ಯಾರ ಹೆಸರೂ ಇಲ್ಲಿಲ್ಲ.

ಯಾರಿಂದ ಏನು ಬಂತು

ಇವತ್ತಿನ ಸರ್ಕಾರಗಳ ಮೈಕಟ್ಟು ಬಹುಮಟ್ಟಿಗೆ ರೋಮ್‌ನದು. ಸೆನೆಟ್, ಒಬ್ಬರ ಅಧಿಕಾರಕ್ಕೆ ಇನ್ನೊಬ್ಬರ ತಡೆ, ನಿಗದಿತ ಅವಧಿಯ ಹುದ್ದೆ, ವೀಟೋ, ಎಲ್ಲದರ ಬೇರೂ ಅಲ್ಲಿದೆ. 1787ರಲ್ಲಿ ಅಮೆರಿಕದ ಸಂವಿಧಾನ ಬರೆದವರು ರೋಮ್ ಕಡೆ ಆಸೆಯಿಂದ ನೋಡಿದರು, ಅಥೆನ್ಸ್ ಕಡೆ ಭಯದಿಂದ. ಜನರೇ ಗುಂಪು ಸೇರಿ ತೀರ್ಮಾನ ಮಾಡುವ ಊರು ಅವರಿಗೆ ಮಾದರಿ ಅನ್ನಿಸಲಿಲ್ಲ. ಐರ್ಲೆಂಡ್‌ನ ಸಂಸತ್ತಿಗೂ ಎರಡು ಮನೆ. ಮೇಲ್ಮನೆಗೆ ಶಾನದ್ ಅನ್ನುತ್ತಾರೆ, ಅದು ಸೆನೆಟ್ಟೇ. 2013ರಲ್ಲಿ ಅದನ್ನು ತೆಗೆದುಬಿಡೋಣ ಅಂತ ಸರ್ಕಾರ ಜನರನ್ನು ಕೇಳಿತು. ಸಣ್ಣ ಅಂತರದಲ್ಲಿ ಜನ ಬೇಡ ಅಂದರು. ಸೆನೆಟ್ ಉಳಿಯಿತು.

ಅಥೆನ್ಸ್‌ನಿಂದ ಬಂದದ್ದು ಇದಕ್ಕಿಂತ ಕಡಿಮೆ. ಹೆಸರು ಬಂತು, ಆದರ್ಶ ಬಂತು. ಅಲ್ಲಿನ ನಿಜವಾದ ಯಂತ್ರ ಮಾತ್ರ ಅಲ್ಲೇ ಉಳಿಯಿತು. ಆ ಯಂತ್ರ ಅಂದರೆ ಚೀಟಿ ಎತ್ತುವುದು.

ಯಂತ್ರ ಅಂತ ಸುಮ್ನೆ ಹೇಳಿದ್ದಲ್ಲ, ನಿಜಕ್ಕೂ ಒಂದು ಯಂತ್ರ ಇತ್ತು. ಅದರ ತುಣುಕೊಂದು ಅಥೆನ್ಸ್‌ನ ಅಗೋರಾ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ನಿಲ್ಲಿಸಿದ ಕಲ್ಲಿನ ಚಪ್ಪಡಿ, ಅದರ ಮೈತುಂಬಾ ಸಾಲುಸಾಲಾಗಿ ಸೀಳುಗಳು. ಪ್ರತಿ ನಾಗರಿಕನ ಹತ್ತಿರ ತನ್ನ ಹೆಸರು ಕೊರೆದ ಸಣ್ಣ ಕಂಚಿನ ಪಟ್ಟಿ. ನ್ಯಾಯಾಲಯದಲ್ಲಿ ಕೂರಲು ಬಂದವರು ಆ ಪಟ್ಟಿ ಕೊಡುತ್ತಾರೆ, ಅದನ್ನು ಸೀಳಿನಲ್ಲಿ ಸಿಕ್ಕಿಸುತ್ತಾರೆ. ಚಪ್ಪಡಿಯ ಪಕ್ಕದ ಕೊಳವೆಯೊಳಕ್ಕೆ ಕಪ್ಪು ಬಿಳಿ ಗುಂಡುಗಳನ್ನು ಸುರಿಯುತ್ತಾರೆ. ಕೆಳಗಿನಿಂದ ಒಂದೊಂದೇ ಗುಂಡು ಬರುತ್ತದೆ. ಬಿಳಿ ಬಂದರೆ ಆ ಅಡ್ಡಸಾಲಿನವರೆಲ್ಲ ಒಳಕ್ಕೆ, ಕಪ್ಪು ಬಂದರೆ ಆ ಸಾಲು ಮನೆಗೆ. ಎಲ್ಲವೂ ಜನರ ಕಣ್ಣೆದುರೇ. ಮುಂಚೆಯೇ ಯಾರಿಗೂ ಲಂಚ ಕೊಡಲಾಗದಂತೆ ಮಾಡಿದ ಏರ್ಪಾಡು ಅದು. ಯಾವ ಮೊಕದ್ದಮೆಗೆ ಯಾರು ಕೂರುತ್ತಾರೆ ಅನ್ನುವುದು ಅವತ್ತು ಬೆಳಿಗ್ಗೆಯವರೆಗೆ ಯಾರಿಗೂ ಗೊತ್ತಿರುತ್ತಿರಲಿಲ್ಲ.

ನ್ಯಾಯಾಲಯಕ್ಕೆ ಮಾತ್ರ ಅಲ್ಲ, ಐನೂರು ಜನರ ಆಡಳಿತ ಮಂಡಳಿಗೂ ಚೀಟಿಯೇ. ಹತ್ತು ಕುಲ, ಕುಲಕ್ಕೆ ಐವತ್ತು ಜನ. ಒಂದು ವರ್ಷದ ಅವಧಿ. ಜೀವಮಾನದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಕೂರುವಂತಿಲ್ಲ. ಕೂರುವ ಮುಂಚೆ ಅರ್ಹತೆಯ ಪರಿಶೀಲನೆ, ಇಳಿಯುವಾಗ ಲೆಕ್ಕ ಒಪ್ಪಿಸುವುದು. ಸೇನಾಪತಿಗಳನ್ನು ಮಾತ್ರ ಕೈ ಎತ್ತಿ ಆರಿಸುತ್ತಿದ್ದರು, ಯುದ್ಧ ಗೊತ್ತಿರಬೇಕಲ್ಲ. ಚೀಟಿಯಿಂದ ನೇಮಿಸುವುದು ಪ್ರಜಾಪ್ರಭುತ್ವದ ರೀತಿ, ಆರಿಸುವುದು ಕೆಲವರ ಆಳ್ವಿಕೆಯ ರೀತಿ ಅನ್ನುವುದು ಅರಿಸ್ಟಾಟಲ್ ದಾಖಲಿಸಿದ ಆ ಕಾಲದ ತಿಳಿವಳಿಕೆ. ಇವತ್ತು ನಾವು ಚುನಾವಣೆಯನ್ನೇ ಪ್ರಜಾಪ್ರಭುತ್ವ ಅಂದುಕೊಂಡಿದ್ದೇವೆ. ಅವರಿಗೆ ಇದನ್ನು ಹೇಳಿದ್ದರೆ ನಗು ಬರುತ್ತಿತ್ತೇನೋ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಂದರೆ ಚೀಟಿ ಎತ್ತುತ್ತಾರೆ, ಬೇರೆ ದಾರಿ ಇಲ್ಲದಾಗ ಮಾತ್ರ. ಅಥೆನ್ಸ್‌ನಲ್ಲಿ ಅದೇ ಮೊದಲ ದಾರಿ.

ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಯಾರಿಗೂ ಇದರಲ್ಲಿ ಪಾಲಿರಲಿಲ್ಲ. ಅಥೆನ್ಸನ್ನು ಹೊಗಳುವಾಗ ಇದನ್ನು ನುಂಗಿಕೊಳ್ಳಬಾರದು.

ಮುಂದೆ ಬೇಕಾಗುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಐನೂರರ ಮಂಡಳಿಗೆ ಕೊನೆಯ ಮಾತು ಇರಲಿಲ್ಲ. ನಿಕ್ಸ್ ಗುಡ್ಡದ ಮೇಲೆ ಸೇರುತ್ತಿದ್ದ ಜನಸಭೆಯೇ ತೀರ್ಮಾನ ಮಾಡುತ್ತಿತ್ತು. ಆ ಸಭೆಯ ಮುಂದೆ ಏನು ಬರಬೇಕು, ಯಾವ ರೂಪದಲ್ಲಿ ಬರಬೇಕು ಅನ್ನುವುದನ್ನು ಸಿದ್ಧಮಾಡುವುದು ಮಂಡಳಿಯ ಕೆಲಸ. ಬಂದ ಪ್ರಸ್ತಾವವನ್ನು ಸಭೆ ತಿದ್ದಬಹುದಿತ್ತು. ರೋಮ್‌ನಲ್ಲಿ ಹಾಗಲ್ಲ. ಪ್ರಶ್ನೆ ಬರೆಯುವವನು ಅಧಿಕಾರಿ. ಜನ ಅದಕ್ಕೆ ಹೌದು ಅನ್ನಬೇಕು, ಇಲ್ಲ ಅನ್ನಬೇಕು, ತಿದ್ದುವಂತಿಲ್ಲ. ಕ್ರಿ.ಪೂ. 131ರಿಂದ ಕಾನೂನುಗಳಿಗೂ ಗುಟ್ಟಿನ ಮತದಾನ ಬಂದಾಗ ಮೇಣದ ಹಲಗೆಯ ಮೇಲೆ ಒಂದೇ ಅಕ್ಷರ ಗೀಚಿದರೆ ಆಯಿತು. ‘ನೀನು ಕೇಳಿದಂತೆ ಆಗಲಿ’ ಅನ್ನಲು ವಿ, ‘ಹಳೆಯದೇ ಇರಲಿ’ ಅನ್ನಲು ಎ.

ಗಂಟು

ಐರ್ಲೆಂಡ್‌ನ 1937ರ ಸಂವಿಧಾನದಲ್ಲಿ ಒಂದು ಪದ ಬದಲಾಗಬೇಕಾದರೂ ಜನರ ಮತ ಬೇಕು. ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳು ಇದೇ ಸಂವಿಧಾನದಿಂದ ಬಂದವು. ಆದರೆ ಜನಮತ ಸಂಗ್ರಹವನ್ನು ನಾವು ತರಲಿಲ್ಲ, ನಮ್ಮಲ್ಲಿ ತಿದ್ದುಪಡಿ ಸಂಸತ್ತಿನ ಕೈಯಲ್ಲಿದೆ. ಐರ್ಲೆಂಡ್‌ನಲ್ಲಿ ಸಂಸತ್ತು ಮಸೂದೆ ಬರೆಯುತ್ತದೆ, ಜನ ಹೌದು ಅಥವಾ ಇಲ್ಲ ಅನ್ನುತ್ತಾರೆ. ರೋಮ್‌ನ ರೀತಿ.

1983ರ ಸೆಪ್ಟೆಂಬರ್‌ನಲ್ಲಿ ಹೀಗೇ ಎಂಟನೇ ತಿದ್ದುಪಡಿ ಬಂತು. ಗರ್ಭದಲ್ಲಿರುವ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಅಂತ ಸಂವಿಧಾನದಲ್ಲೇ ಬರೆದರು. ಸುಮಾರು ಶೇ. 67 ಜನ ಒಪ್ಪಿದ್ದರು. ಆಮೇಲೆ ಅದರ ಸುತ್ತ 1992ರಲ್ಲಿ ಮತದಾನ, 2002ರಲ್ಲಿ ಮತ್ತೆ ಮತದಾನ. ಹೊರದೇಶಕ್ಕೆ ಹೋಗಿ ಗರ್ಭಪಾತ ಮಾಡಿಸಿಕೊಳ್ಳಬಹುದು, ಅದರ ಮಾಹಿತಿ ಪಡೆಯಬಹುದು ಅನ್ನುವಷ್ಟು ಸಡಿಲವಾಯಿತು. ಪ್ರತಿ ವರ್ಷ ಸಾವಿರಾರು ಹೆಂಗಸರು ಇಂಗ್ಲೆಂಡ್‌ಗೆ ಹೋಗಿ ಬರುತ್ತಿದ್ದರು. ದೇಶದೊಳಗೆ ಬಾಗಿಲು ಮುಚ್ಚಿತ್ತು.

2012ರ ಅಕ್ಟೋಬರ್‌ನಲ್ಲಿ ಗಾಲ್ವೇ ನಗರದ ಆಸ್ಪತ್ರೆಯೊಂದಕ್ಕೆ 31 ವರ್ಷದ ದಂತವೈದ್ಯೆಯೊಬ್ಬರು ದಾಖಲಾದರು. 17 ವಾರದ ಗರ್ಭ. ಅವರು ಬೆಳಗಾವಿಯವರು. ಗರ್ಭ ಉಳಿಯುವುದಿಲ್ಲ ಅನ್ನುವುದು ಖಚಿತವಾಗಿತ್ತು. ತೆಗೆದುಬಿಡಿ ಅಂತ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಅಂದರು. ರಕ್ತಕ್ಕೆ ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಬೆಳಗಾವಿಯಲ್ಲಿದ್ದ ಅಪ್ಪ ಅಮ್ಮ ಸುದ್ದಿ ಕೇಳಿದ್ದು ಆಮೇಲೆ ಜಗತ್ತಿನ ಸುದ್ದಿಯಾಯಿತು. ಅವರ ಹೆಸರು ಕನ್ನಡದಲ್ಲಿ ಪೇಪರ್ ಓದುವ ಎಲ್ಲರಿಗೂ ಗೊತ್ತು.

ಮರುವರ್ಷ ಐರ್ಲೆಂಡ್ ಒಂದು ಕಾನೂನು ಮಾಡಿತು. ತಾಯಿಯ ಜೀವಕ್ಕೇ ಅಪಾಯ ಇದ್ದರೆ ಮಾತ್ರ ಗರ್ಭಪಾತ. ಅದರ ಹೊರಗೆ ಮಾಡಿದರೆ 14 ವರ್ಷದವರೆಗೆ ಜೈಲು. ಬೀದಿಯಲ್ಲಿದ್ದ ಸಿಟ್ಟು ಇದರಿಂದ ಇಳಿಯಲಿಲ್ಲ. ಆದರೆ ಸಂವಿಧಾನ ಮುಟ್ಟದೆ ಅದಕ್ಕಿಂತ ಮುಂದೆ ಹೋಗುವ ಹಾಗೂ ಇರಲಿಲ್ಲ. ಮುಟ್ಟಲು ದೊಡ್ಡ ಪಕ್ಷಗಳು ತಯಾರಿರಲಿಲ್ಲ. ಎರಡು ದೊಡ್ಡ ಪಕ್ಷಗಳೊಳಗೇ ಎರಡೆರಡು ಬಣ. ಹಳ್ಳಿ ಕ್ಷೇತ್ರದ ಸದಸ್ಯನಿಗೆ ಈ ವಿಷಯದಲ್ಲಿ ಬಾಯಿ ಬಿಟ್ಟರೆ ಅರ್ಧ ಮತ ಹೋಗುತ್ತದೆ ಅನ್ನುವ ಭಯ.

ಮೊದಲೊಂದು ಪರೀಕ್ಷೆ

99 ಜನರ ಸಭೆ ಆಕಾಶದಿಂದ ಇಳಿದದ್ದಲ್ಲ. 2012ರ ಕೊನೆಯಿಂದ 2014ರವರೆಗೆ ಸಂವಿಧಾನ ಸಮಾವೇಶ ಅಂತ ಒಂದು ನಡೆದಿತ್ತು. ಒಟ್ಟು ನೂರು ಜನ: ಹೀಗೇ ಆರಿಸಿದ 66 ಸಾಮಾನ್ಯ ನಾಗರಿಕರು, 33 ರಾಜಕಾರಣಿಗಳು, ಒಬ್ಬ ಅಧ್ಯಕ್ಷ. ಸಲಿಂಗ ವಿವಾಹಕ್ಕೆ ಸಂವಿಧಾನದಲ್ಲಿ ಜಾಗ ಕೊಡಬೇಕು ಅಂತ ಶಿಫಾರಸು ಮಾಡಿದ್ದು ಆ ಸಮಾವೇಶವೇ. ಅಲ್ಲಿ ಒಂದೇ ಮೇಜಿಗೆ ಹಳ್ಳಿ ಕಡೆಯ ಹಿರಿಯರೊಬ್ಬರೂ ಸಲಿಂಗಿ ಯುವಕನೊಬ್ಬನೂ ಬಿದ್ದಿದ್ದರು. ಹಿರಿಯರು ಮೊದಲು ಆ ಕುರ್ಚಿಯಲ್ಲಿ ಕೂರುವುದಕ್ಕೇ ಕಸಿವಿಸಿಪಟ್ಟವರು. ಕೊನೆಗೆ ಮದುವೆಯ ಹಕ್ಕಿನ ಪರ ನಿಂತರು. ಚೀಟಿ ಎತ್ತದಿದ್ದರೆ ಆ ಇಬ್ಬರು ಜೀವನದಲ್ಲಿ ಒಂದೇ ಮೇಜಿಗೆ ಬರುತ್ತಿರಲಿಲ್ಲ ಅಲ್ವಾ?

2015ರ ಮೇ 22ರಂದು ಜನಮತ ಸಂಗ್ರಹ. ಶೇ. 62 ಜನ ಸಲಿಂಗ ವಿವಾಹಕ್ಕೆ ಹೌದು ಅಂದರು. ಅದೇ ದಿನ ಅದೇ ಸಮಾವೇಶದಿಂದ ಬಂದ ಇನ್ನೊಂದು ಪ್ರಶ್ನೆಯೂ ಇತ್ತು: ರಾಷ್ಟ್ರಪತಿ ಅಭ್ಯರ್ಥಿಯ ಕನಿಷ್ಠ ವಯಸ್ಸನ್ನು 35ರಿಂದ 21ಕ್ಕೆ ಇಳಿಸೋಣವೇ ಅಂತ. ಶೇ. 73 ಜನ ಬೇಡ ಅಂದರು. ಚೀಟಿಯಿಂದ ಬಂದದ್ದಕ್ಕೆಲ್ಲ ಜನ ತಲೆ ಆಡಿಸುತ್ತಾರೆ ಅನ್ನುವವರು ಈ ಎರಡನೇ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು.

ಈ ಸಲ ರಾಜಕಾರಣಿಗಳು ಹೊರಗೆ

2016ರ ಜುಲೈನಲ್ಲಿ ಸಂಸತ್ತಿನ ಎರಡೂ ಮನೆಗಳು ನಾಗರಿಕರ ಸಭೆಗೆ ಒಪ್ಪಿಗೆ ಕೊಟ್ಟವು. ಸುಪ್ರೀಂ ಕೋರ್ಟ್‌ನ ನ್ಯಾಯಾಧೀಶೆಯೊಬ್ಬರು ಅಧ್ಯಕ್ಷೆ. ಸದಸ್ಯರು 99, ಎಲ್ಲರೂ ಸಾಮಾನ್ಯರು. ಹಿಂದಿನ ಸಲದಂತೆ ರಾಜಕಾರಣಿಗಳನ್ನು ಒಳಗೆ ಕೂರಿಸಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದು ಅಂತ ನನ್ನ ಎಣಿಕೆ. ಎರಡು ರೀತಿಯಲ್ಲಿ ಇದನ್ನು ಓದಬಹುದು. ಸಾಮಾನ್ಯರು ಯಾರ ಮುಖವನ್ನೂ ನೋಡದೆ ಮಾತಾಡಲಿ ಅನ್ನುವುದು ಒಂದು. ಈ ಕೆಂಡ ನಮ್ಮ ಕೈಗೆ ಬೇಡ ಅನ್ನುವುದು ಇನ್ನೊಂದು. ಟೀಕಾಕಾರರು ಎರಡನೆಯದನ್ನೇ ಹೇಳಿದರು: ಆಗಿನ ಪ್ರಧಾನಿ ಎಂಡಾ ಕೆನಿಯ ಸರ್ಕಾರ ಕಾಲ ತಳ್ಳುತ್ತಿದೆ ಅಂತ. ಆ ಟೀಕೆಯಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಕಾಲ ತಳ್ಳಲು ಮಾಡಿದ ಕೆಲಸವೂ ಕೆಲವೊಮ್ಮೆ ಕೆಲಸ ಮಾಡಿಬಿಡುತ್ತದೆ.

ಆಯ್ಕೆಯಲ್ಲಿ ವಯಸ್ಸು, ಲಿಂಗ, ಪ್ರದೇಶ, ವರ್ಗ ಇವು ಜನಸಂಖ್ಯೆಗೆ ಹೊಂದುವಂತೆ ನೋಡಿಕೊಂಡರು. ಅಥೆನ್ಸ್ ಕುಲಕ್ಕೆ ಐವತ್ತು ಅಂತ ಹಂಚಿದ್ದಕ್ಕೂ ಇದಕ್ಕೂ ತರ್ಕ ಒಂದೇ: ಯಾವ ಕಡೆಯವರೂ ಬಿಟ್ಟುಹೋಗಬಾರದು. ಐರ್ಲೆಂಡ್‌ನವರಿಗೆ ಇದು ತೀರಾ ಹೊಸದೂ ಅಲ್ಲ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಜ್ಯೂರಿ ಪದ್ಧತಿ ಅಲ್ಲಿ ಇನ್ನೂ ಇದೆ. ಸಾಮಾನ್ಯರನ್ನು ಹೀಗೆ ಕರೆದು ಗಂಭೀರ ಕೆಲಸ ಕೊಡುವುದು ಅವರಿಗೆ ರೂಢಿ. ಜ್ಯೂರಿಯನ್ನು ಎಂದೋ ಕೈಬಿಟ್ಟ ನಮಗೆ ಇದು ವಿಚಿತ್ರವಾಗಿ ಕಾಣುವುದು ಸಹಜ.

ಉದ್ಘಾಟನೆ ಕ್ಯಾಸಲ್‌ನಲ್ಲಿ ಆದರೂ ಕೆಲಸ ನಡೆದದ್ದು ಡಬ್ಲಿನ್ ಹೊರಗಿನ ಮಾಲಹೈಡ್ ಅನ್ನುವ ಕಡಲತೀರದ ಊರಿನ ಹೋಟೆಲಿನಲ್ಲಿ. ಗರ್ಭಪಾತದ ವಿಷಯಕ್ಕೆ ಐದು ವಾರಾಂತ್ಯ, 2016ರ ನವೆಂಬರ್‌ನಿಂದ 2017ರ ಏಪ್ರಿಲ್‌ವರೆಗೆ. ದುಂಡು ಮೇಜುಗಳು, ಮೇಜಿಗೆ ಏಳೆಂಟು ಜನ. ಪ್ರತಿ ಮೇಜಿಗೆ ಮಾತು ನಡೆಸಿಕೊಡುವವರೊಬ್ಬರು, ಬರೆದುಕೊಳ್ಳುವವರೊಬ್ಬರು. ಜೋರು ಬಾಯಿಯವರೇ ಮಾತಾಡಿ ಮುಗಿಸದಂತೆ ನೋಡಿಕೊಳ್ಳುವುದು ಮಾತು ನಡೆಸಿಕೊಡುವವರ ಕೆಲಸ. ವೈದ್ಯರು, ವಕೀಲರು, ನೀತಿಶಾಸ್ತ್ರದವರು ಬಂದು ವಿಷಯ ಹೇಳುತ್ತಿದ್ದರು, ಆಮೇಲೆ ಮೇಜಿನ ಮಾತು, ಆಮೇಲೆ ಪ್ರಶ್ನೆ. ಬಹಿರಂಗ ಕಲಾಪವನ್ನು ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರ ಮಾಡಿದರು. ಮೇಜಿನ ಮಾತನ್ನು ಮಾಡಲಿಲ್ಲ. ಇದು ಸಣ್ಣ ನಿರ್ಧಾರ ಅನ್ನಿಸಬಹುದು. ಆದರೆ ಕ್ಯಾಮೆರಾ ಎದುರು ಯಾರೂ ‘ನನಗೆ ಇದು ಗೊತ್ತಿರಲಿಲ್ಲ’ ಅನ್ನುವುದಿಲ್ಲ. ಸಾರ್ವಜನಿಕರಿಂದ 12,000ಕ್ಕೂ ಜಾಸ್ತಿ ಅಹವಾಲುಗಳು ಬಂದವು.

ಮಾರ್ಚ್‌ನ ವಾರಾಂತ್ಯ ಬೇರೆ ರೀತಿ ಇತ್ತು. ಪರ ವಿರೋಧ ಎರಡೂ ಕಡೆಯ ಸಂಘಟನೆಗಳು ಬಂದು ವಾದ ಮಂಡಿಸಿದವು. ಅದಲ್ಲದೆ ಎಂಟನೇ ತಿದ್ದುಪಡಿ ನೇರವಾಗಿ ತಟ್ಟಿದ ಆರು ಹೆಂಗಸರ ಮಾತನ್ನು ಸದಸ್ಯರು ಕೇಳಿದರು. ಅವರು ವೇದಿಕೆಗೆ ಬರಲಿಲ್ಲ. ಮೊದಲೇ ಧ್ವನಿಮುದ್ರಿಸಿಕೊಂಡು, ಹೆಸರು ಮುಖ ಏನೂ ತೋರಿಸದೆ ಸಭಾಂಗಣದಲ್ಲಿ ಕೇಳಿಸಿದರು. ಅವರಲ್ಲಿ ಗರ್ಭ ತೆಗೆಸಿಕೊಂಡವರೂ ಇದ್ದರು, ಮುಂದುವರಿಸಿದವರೂ ಇದ್ದರು. ಅಲ್ಲಿಯವರೆಗೆ ಕೇಳಿದ್ದೆಲ್ಲ ವಾದ, ಇದು ಬದುಕು. ಗುರುತು ಮುಚ್ಚಿಟ್ಟದ್ದರಿಂದ ಯಾರು ಹೇಳಿದರು ಅನ್ನುವುದು ಹಿಂದೆ ಸರಿದು ಏನು ಹೇಳಿದರು ಅನ್ನುವುದು ಮುಂದೆ ಬಂತು.

ಏಪ್ರಿಲ್‌ನ ಎರಡು ದಿನ

2017ರ ಏಪ್ರಿಲ್ 22, 23. ಮತ ಹಾಕುವ ದಿನ. ಮತಪತ್ರದ ಕರಡನ್ನು ಸದಸ್ಯರ ಮುಂದೆ ಇಟ್ಟರು. ಸದಸ್ಯರು ಇಟ್ಟದ್ದಕ್ಕೆ ಗುರುತು ಹಾಕಿ ಎದ್ದು ಹೋಗಲಿಲ್ಲ. ಇದರ ಅರ್ಥ ಏನು, ಹೀಗೆ ಹಾಕಿದರೆ ಕಾನೂನಿನಲ್ಲಿ ಏನಾಗುತ್ತದೆ ಅಂತ ಕೇಳಿದರು. ಗರ್ಭಪಾತಕ್ಕೆ ಯಾವ ಯಾವ ಕಾರಣ ಒಪ್ಪಬಹುದು ಅನ್ನುವ ಪಟ್ಟಿಯನ್ನು ತಿದ್ದಿಸಿದರು, ಸಾಮಾಜಿಕ ಆರ್ಥಿಕ ಕಾರಣವನ್ನೂ ಸೇರಿಸಿದರು. ಈ ಪ್ರಕರಣದ ನಡುಗಂಬ ಇಲ್ಲಿದೆ. ಪ್ರಶ್ನೆ ಯಾರದು ಅನ್ನುವುದನ್ನು ಅವರು ತಮ್ಮ ಕೈಗೆ ತೆಗೆದುಕೊಂಡರು.

ಗುಟ್ಟಿನ ಮತದಾನ. ಈಗಿರುವ ವಿಧಿಯನ್ನು ಹಾಗೇ ಉಳಿಸಬಾರದು ಅಂದವರು ಶೇ. 87. ಮುಂದಿನ ಪ್ರಶ್ನೆ: ಪೂರ್ತಿ ಅಳಿಸಬೇಕೋ, ಬೇರೆ ವಾಕ್ಯ ಹಾಕಬೇಕೋ? ಶೇ. 56 ಜನ ಬೇರೆ ವಾಕ್ಯ ಹಾಕಿ ಅಂದರು. ಆ ವಾಕ್ಯ ಏನಿರಬೇಕು ಅಂದರೆ, ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ ಅಂತ ಸ್ಪಷ್ಟವಾಗಿ ಇರಲಿ ಅಂದವರು ಶೇ. 57. ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಇರಬೇಕು ಅಂದವರು ಶೇ. 64, ಎಷ್ಟು ವಾರದವರೆಗೆ ಅನ್ನುವುದರಲ್ಲಿ ಅವರೊಳಗೇ 12 ಮತ್ತು 22ರ ನಡುವೆ ಒಡಕು.

ಡಬ್ಲಿನ್‌ನ ರಾಜಕೀಯ ವಲಯ ಬೆಚ್ಚಿಬಿತ್ತು. ಇಷ್ಟು ಮುಂದೆ ಹೋಗುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ. ಸಭೆಯನ್ನು ಮೊದಲೇ ಒಂದು ಕಡೆಗೆ ವಾಲಿಸಿದ್ದರು ಅಂತ ವಿರೋಧಿಗಳು ದೂರಿದರು. ಈ ಜನ ದೇಶದ ಮನಸ್ಸನ್ನು ಪ್ರತಿನಿಧಿಸುವುದಿಲ್ಲ ಅನ್ನುವುದು ಸಾಮಾನ್ಯ ಮಾತಾಯಿತು.

ಸಂಸತ್ತಿನಿಂದ ಮತಗಟ್ಟೆಗೆ

ಶಿಫಾರಸು ಕಪಾಟಿಗೆ ಹೋಗಲಿಲ್ಲ. ಎರಡೂ ಮನೆಗಳ ಸದಸ್ಯರ ಸಮಿತಿಯೊಂದು 2017ರ ಸೆಪ್ಟೆಂಬರ್‌ನಿಂದ ಅದನ್ನೇ ಮುಂದಿಟ್ಟುಕೊಂಡು ಕೂತಿತು. ರಾಜಕಾರಣಿಗಳು ಕ್ಯಾಮೆರಾ ಎದುರು ಈ ವಿಷಯವನ್ನು ಸಾಲಿನಿಂದ ಸಾಲಿಗೆ ಓದಬೇಕಾಯಿತು. ಡಿಸೆಂಬರ್‌ನ ವರದಿಯಲ್ಲಿ ಸಮಿತಿಯೂ 12 ವಾರದವರೆಗೆ ಕಾರಣ ಕೇಳದೆ ಅವಕಾಶ ಇರಲಿ ಅಂದಿತು. 2018ರ ಜನವರಿಯಲ್ಲಿ ಮುಖ್ಯ ವಿರೋಧ ಪಕ್ಷದ ನಾಯಕ ಮಿಹಾಲ್ ಮಾರ್ಟಿನ್ ಸದನದಲ್ಲಿ ಎದ್ದು ನಿಂತು ತಮ್ಮ ನಿಲುವು ಬದಲಾಗಿದೆ ಅಂದರು. ಅವರ ಪಕ್ಷದ ಬಹಳಷ್ಟು ಸದಸ್ಯರು ಒಪ್ಪುತ್ತಿರಲಿಲ್ಲ. ಸರ್ಕಾರ ನಡೆಸುತ್ತಿದ್ದ ಪಕ್ಷವೂ ತನ್ನ ಸದಸ್ಯರಿಗೆ ಮನಸ್ಸಾಕ್ಷಿಯಂತೆ ಮತ ಹಾಕಿ ಅಂದಿತು.

ನನಗೆ ಇದರಲ್ಲಿ ತುಂಬಾ ರುಚಿಸುವ ಭಾಗ ಆ ಶೇ. 56ರದು. ಸಂಸತ್ತಿನ ಸಮಿತಿ ಸುಮ್ನೆ ಅಳಿಸಿಬಿಡೋಣ ಅಂದಿತ್ತು. ಆದರೆ ಅಟಾರ್ನಿ ಜನರಲ್ ಅವರ ಸಲಹೆ ಬಂದ ಮೇಲೆ ಸಂಪುಟ ಬೇರೆ ವಾಕ್ಯ ಹಾಕುವ ದಾರಿಗೇ ಬಂತು. ಗರ್ಭಪಾತವನ್ನು ನಿಯಂತ್ರಿಸಲು ಕಾನೂನಿನ ಮೂಲಕ ಅವಕಾಶ ಕಲ್ಪಿಸಬಹುದು ಅನ್ನುವ ಅರ್ಥದ ಒಂದೇ ವಾಕ್ಯ. ಮಾಲಹೈಡ್‌ನ ಹೋಟೆಲಿನಲ್ಲಿ ಕೂತ ಜನ ಒಂಬತ್ತು ತಿಂಗಳ ಹಿಂದೆ ಹೇಳಿದ್ದರ ಸಾರವೇ ಅದು.

2018ರ ಮೇ 25, ಮತದಾನ. ಶೇ. 64 ಜನ ಮತ ಹಾಕಿದರು. ಹೌದು 14,29,981, ಇಲ್ಲ 7,23,632. ಅಂದರೆ ಶೇ. 66.4 ಹೌದು. 40 ಕ್ಷೇತ್ರಗಳಲ್ಲಿ ಡೊನೆಗಾಲ್ ಒಂದೇ ಇಲ್ಲ ಅಂದದ್ದು. ಸಭೆಯಲ್ಲಿ 64, ದೇಶದಲ್ಲಿ 66. ಎರಡು ಪ್ರಶ್ನೆಗಳೂ ಒಂದೇ ಅಲ್ಲ, ಹಾಗಾಗಿ ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಕುಣಿಯಬೇಕಿಲ್ಲ. ಆದರೂ ದೇಶದ ಮನಸ್ಸಿಗೂ ಇವರಿಗೂ ಸಂಬಂಧ ಇಲ್ಲ ಅನ್ನುವ ಮಾತು ಅಲ್ಲಿಗೆ ನಿಂತಿತು. ಪ್ರಚಾರದ ದಿನಗಳಲ್ಲಿ ಬೆಳಗಾವಿಯಿಂದ ಆ ದಂತವೈದ್ಯೆಯ ತಂದೆ ಹೌದು ಅನ್ನಿ ಅಂತ ಮನವಿ ಮಾಡಿದ್ದರು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಆಕೆಯ ಚಿತ್ರ ಬಿಡಿಸಿದ್ದರು, ಮತ ಹಾಕಿದವರು ಬಂದು ಅದರ ಮೇಲೆ ಕ್ಷಮಿಸಿ ಅಂತ ಚೀಟಿ ಅಂಟಿಸಿ ಹೋದರು. 2019ರ ಜನವರಿ 1ರಿಂದ ಹೊಸ ಕಾನೂನಿನಂತೆ ಸೇವೆ ಶುರುವಾಯಿತು.

ಎಡವಿದ ಕಡೆಗಳು

ಗೆಲುವಿನ ಕಥೆ ಇಷ್ಟೇ ಆದರೆ ಕಲಿಯುವುದು ಕಡಿಮೆ. ಇದೇ ಸಭೆಗೆ ಇನ್ನೂ ನಾಲ್ಕು ವಿಷಯ ಕೊಟ್ಟಿದ್ದರು: ವಯಸ್ಸಾದವರ ಬದುಕು, ಸಂಸತ್ತಿಗೆ ನಿಗದಿತ ಅವಧಿ, ಜನಮತ ಸಂಗ್ರಹ ನಡೆಸುವ ರೀತಿ, ಹವಾಮಾನ ಬದಲಾವಣೆ. ಹವಾಮಾನದ ಶಿಫಾರಸುಗಳಿಗೆ ಸ್ವಲ್ಪ ಬೆಲೆ ಸಿಕ್ಕಿತು. ಸಂಸತ್ತಿನ ಅವಧಿಯ ಮಾತನ್ನು ಯಾರೂ ಮುಂದಕ್ಕೆ ಎಳೆಯಲಿಲ್ಲ. ಹಿಂದೆ ಬೀದಿಯ ಒತ್ತಡ ಇಲ್ಲದ ವಿಷಯಕ್ಕೆ ಚೀಟಿ ಎತ್ತಿದ ಸಭೆಯೂ ಬಲ ಕೊಡಲಾರದು.

ಆಯ್ಕೆಯಲ್ಲೂ ಒಂದು ಕಡೆ ಕೊಳೆ ಸೇರಿತು. ಬಿಟ್ಟುಹೋದ ಸದಸ್ಯರ ಜಾಗಕ್ಕೆ ಹೊಸಬರನ್ನು ತರಬೇಕಿತ್ತು. ಕಂಪನಿಯ ನೌಕರರೊಬ್ಬರು ಮನೆ ಬಾಗಿಲು ತಟ್ಟುವ ಬದಲು ಪರಿಚಯದವರ ಮೂಲಕ ಫೋನಿನಲ್ಲೇ ಏಳು ಜನರನ್ನು ಸೇರಿಸಿಬಿಟ್ಟಿದ್ದರು. 2018ರ ಆರಂಭದಲ್ಲಿ ಅದು ಬಯಲಾಯಿತು. ಗರ್ಭಪಾತದ ವಿಷಯದಲ್ಲಿ ಸಭೆಯೊಳಗಿನ ಮತದಾನ ಮುಗಿದ ಎಷ್ಟೋ ತಿಂಗಳ ಮೇಲಿನ ಮಾತು ಅದು, ಆ ಏಳು ಜನರನ್ನು ತೆಗೆದರು. ಆದರೂ ಮುಖಕ್ಕೆ ಮಸಿ. ಕಲ್ಲಿನ ಚಪ್ಪಡಿ, ಕಪ್ಪು ಬಿಳಿ ಗುಂಡು, ಎಲ್ಲರ ಕಣ್ಣೆದುರು ಎತ್ತುವುದು, ಅಷ್ಟೆಲ್ಲ ಯಾಕಪ್ಪಾ ಅನ್ನಿಸಿದ್ದರೆ ಉತ್ತರ ಇಲ್ಲಿದೆ.

ಇನ್ನು ದುಡ್ಡು. ಈ ಸಭೆಯವರಿಗೆ ಓಡಾಟ, ವಸತಿಯ ಖರ್ಚು ಕೊಟ್ಟರು, ಸಂಭಾವನೆ ಕೊಡಲಿಲ್ಲ. ಶನಿವಾರವೂ ದುಡಿಯಬೇಕಾದವರಿಗೆ, ಸಣ್ಣ ಮಕ್ಕಳಿರುವವರಿಗೆ ಇದು ಕಷ್ಟ. ಪೆರಿಕ್ಲಿಸ್ ಕಾಲದಲ್ಲೇ ಅಥೆನ್ಸ್ ನ್ಯಾಯಾಲಯದಲ್ಲಿ ಕೂರುವವರಿಗೆ ದಿನಕ್ಕೆ ಎರಡು ಒಬಲ್ ಕೊಡಲು ಶುರುಮಾಡಿತ್ತು, ಆಮೇಲೆ ಮೂರು ಆಯಿತು. ಬಡವ ಕೆಲಸ ಬಿಟ್ಟು ಬರಬೇಕಾದರೆ ಅವನ ಹೊಟ್ಟೆಗೂ ಏನಾದರೂ ಬೇಕು ಅನ್ನುವುದು ಅವರಿಗೆ ಹೊಳೆದಿತ್ತು. ಐರ್ಲೆಂಡ್‌ನ ಮುಂದಿನ ಸಭೆಗಳಲ್ಲಿ ಸಣ್ಣ ಗೌರವಧನ ಬಂತು.

2024: ಪ್ರಶ್ನೆ ಕೈತಪ್ಪಿದಾಗ

ಪ್ರಕರಣದ ನಿಜವಾದ ಪಾಠ ಅದರ ತಮ್ಮನಲ್ಲಿದೆ. 2020ರಲ್ಲಿ ಲಿಂಗ ಸಮಾನತೆಯ ಮೇಲೆ ಇನ್ನೊಂದು ನಾಗರಿಕರ ಸಭೆ ಸೇರಿತು. ಹೆಂಗಸರ ಜಾಗ ಮನೆಯಲ್ಲಿ ಅನ್ನುವ ಧಾಟಿಯ ಹಳೆಯ ವಿಧಿಯೊಂದು 1937ರ ಸಂವಿಧಾನದಲ್ಲಿ ಇದೆ. ಅದನ್ನು ತೆಗೆದು, ಮನೆಯೊಳಗೂ ಸಮಾಜದಲ್ಲೂ ಆರೈಕೆ ಮಾಡುವವರಿಗೆ ನೆರವಾಗಲು ಸರ್ಕಾರ ತಕ್ಕ ಕ್ರಮ ತೆಗೆದುಕೊಳ್ಳಲೇಬೇಕು ಅಂತ ಬರೆಯಿರಿ ಅಂದಿತು ಸಭೆ, 2021ರಲ್ಲಿ.

ಜನರ ಮುಂದೆ 2024ರ ಮಾರ್ಚ್ 8ರಂದು ಬಂದ ವಾಕ್ಯ ಬೇರೆಯಾಗಿತ್ತು. ನೆರವಾಗಲೇಬೇಕು ಅನ್ನುವುದು ನೆರವಾಗಲು ಶ್ರಮಿಸುತ್ತದೆ ಅಂತ ಆಗಿತ್ತು. ಸಮಾಜದ ಮಾತು ಬಿದ್ದುಹೋಗಿ ಕುಟುಂಬದವರು ಒಬ್ಬರಿಗೊಬ್ಬರು ಮಾಡುವ ಆರೈಕೆ ಮಾತ್ರ ಉಳಿದಿತ್ತು. ಅಂಗವಿಕಲರ ಪರ ಹೋರಾಡುವವರೇ ಇದಕ್ಕೆ ತಿರುಗಿಬಿದ್ದರು. ಶೇ. 73.9 ಜನ ಇಲ್ಲ ಅಂದರು. ಕುಟುಂಬದ ವ್ಯಾಖ್ಯೆ ಬದಲಿಸುವ ಇನ್ನೊಂದು ಪ್ರಶ್ನೆಗೆ ಶೇ. 67.7 ಇಲ್ಲ. ಮತ ಹಾಕಲು ಬಂದವರು ಶೇ. 44 ಮಾತ್ರ. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಪ್ರಚಾರ ಸಪ್ಪೆಯಾಗಿತ್ತು, ಪದಗಳು ಮಸುಕಾಗಿದ್ದವು. ಆದರೆ 2018ರ ಪಕ್ಕಕ್ಕೆ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಸಭೆಯ ಪ್ರಶ್ನೆಯೇ ಮತಗಟ್ಟೆಗೆ ಹೋಯಿತು. ಇಲ್ಲಿ ಸಭೆಯ ಹೆಸರು ಹೋಯಿತು, ಪ್ರಶ್ನೆ ಅಧಿಕಾರದಲ್ಲಿದ್ದವರದು.

ಹಳಬರಿಗೆ ಈ ಅಪಾಯ ಗೊತ್ತಿತ್ತು. ಕ್ರಿ.ಪೂ. 406ರಲ್ಲಿ ನೌಕಾಯುದ್ಧ ಗೆದ್ದು ಬಂದ ಸೇನಾಪತಿಗಳನ್ನು, ಮುಳುಗುತ್ತಿದ್ದ ನಾವಿಕರನ್ನು ಉಳಿಸಲಿಲ್ಲ ಅಂತ, ಎಲ್ಲರನ್ನೂ ಒಂದೇ ಮತದಲ್ಲಿ ಕೊಲ್ಲಲು ಅಥೆನ್ಸ್‌ನ ಸಭೆ ಹೊರಟಿತು. ಅವತ್ತು ಐನೂರರ ಮಂಡಳಿಯ ಸರದಿ ತಂಡದಲ್ಲಿ ಚೀಟಿಯಿಂದ ಬಂದು ಕೂತಿದ್ದವರಲ್ಲಿ ಸಾಕ್ರಟೀಸ್ ಒಬ್ಬ. ಹೀಗೆ ಒಟ್ಟಿಗೆ ಪ್ರಶ್ನೆ ಇಡುವುದು ಕಾನೂನಿಗೆ ವಿರುದ್ಧ, ಇಡುವುದಿಲ್ಲ ಅಂದ. ಅವನ ಮಾತು ನಡೆಯಲಿಲ್ಲ, ಊರಿನಲ್ಲಿದ್ದ ಆರು ಜನ ಸತ್ತರು, ಆಮೇಲೆ ಊರು ಪಶ್ಚಾತ್ತಾಪಪಟ್ಟಿತು. ರೋಮ್ ಕ್ರಿ.ಪೂ. 98ರಲ್ಲಿ ಇದಕ್ಕೇ ಒಂದು ಕಾನೂನು ಮಾಡಿತು: ಸಂಬಂಧವಿಲ್ಲದ ವಿಷಯಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಬಾರದು, ಪ್ರಶ್ನೆ ಪ್ರಕಟಿಸಿದ ಮೇಲೆ ಮೂರು ಸಂತೆ ಕಳೆಯುವವರೆಗೆ ಮತ ಹಾಕಿಸಬಾರದು. ಓದಿಕೊಳ್ಳಲು ಜನರಿಗೆ ಸಮಯ ಸಿಗಲಿ ಅಂತ.

ಹೀಗೆ ಸಭೆ ಕರೆಯಲು ಹೊರಟವರು ಯಾರನ್ನು ಆರಿಸುವುದು, ಎಷ್ಟು ಜನ, ಯಾವ ಕಂಪನಿ ಅನ್ನುವುದರಲ್ಲೇ ಮುಳುಗಿರುತ್ತಾರೆ. ಶಿಫಾರಸು ಕೈಗೆ ಬಂದ ಮೇಲೆ ಅದರ ಪದ ಬದಲಿಸುವ ಅಧಿಕಾರ ಯಾರಿಗೆ, ಬದಲಿಸಿದರೆ ಸಭೆಗೆ ಮರಳಿ ಹೇಳಬೇಕೋ ಬೇಡವೋ ಅನ್ನುವುದನ್ನು ಐರ್ಲೆಂಡ್ ಬರೆದಿಡಲಿಲ್ಲ. ಬೆಲ್ಜಿಯಂನಲ್ಲಿ ಜರ್ಮನ್ ಮಾತಾಡುವವರ ಪುಟ್ಟ ಪ್ರದೇಶವೊಂದಿದೆ. ಅಲ್ಲಿ 2019ರಿಂದ ಚೀಟಿಯಿಂದ ಬಂದ 24 ನಾಗರಿಕರ ಕಾಯಂ ಮಂಡಳಿ ಇದೆ. ಯಾವ ವಿಷಯ ಚರ್ಚೆಗೆ ಬರಬೇಕು ಅನ್ನುವುದನ್ನು ಅವರೇ ಆರಿಸುತ್ತಾರೆ. ಚರ್ಚೆಗೆ ಬೇರೆ ಜನರನ್ನು ಚೀಟಿಯಿಂದ ಕರೆಯುತ್ತಾರೆ. ಬಂದ ಶಿಫಾರಸನ್ನು ಅಲ್ಲಿನ ಸಂಸತ್ತು ಚರ್ಚಿಸಲೇಬೇಕು. ಒಪ್ಪದಿದ್ದರೆ ಯಾಕೆ ಅಂತ ಕಾರಣ ಕೊಡಬೇಕು.